ಯಾರೋ ಬರೆದ ಮಳೆ

ಸಿನಿಮಾದಲ್ಲಿ ಮಳೆ ಸುರಿದರೆ ನನಗೆ ಅಷ್ಟೇನೂ ಬೆರಗಾಗುವುದಿಲ್ಲ. ಕ್ಯಾಮೆರಾ ಹಿಡಿದವರ ಪುಣ್ಯಕ್ಕೆ ಅವತ್ತು ಮೋಡ ಕರಗಿರಬಹುದು, ಇಲ್ಲವೇ ಟ್ಯಾಂಕರಿನ ನೀರನ್ನು ಪೈಪಿನಲ್ಲಿ ಚಿಮ್ಮಿಸಿರಬಹುದು. ಒಮ್ಮೆ ಹೊರಟ ಮೇಲೆ ಹನಿಗಳು ತಮ್ಮ ಪಾಡಿಗೆ ತಾವು ಬೀಳುತ್ತವೆ, ಯಾವ ಹನಿ ಯಾವ ಎಲೆಯ ಮೇಲೆ ಒಡೆಯಬೇಕೆಂದು ಯಾರೂ ಗೊತ್ತು ಮಾಡಿರುವುದಿಲ್ಲ. ಅನಿಮೆಯ, ಅಂದರೆ ಬರೆದ ಚಿತ್ರಗಳಿಂದ ಕಟ್ಟುವ ಜಪಾನಿ ಸಿನಿಮಾದ, ಮಳೆ ಹಾಗಲ್ಲ. ಅಲ್ಲಿ, ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಬೆನ್ನು ಬಾಗಿಸಿ ಕುಳಿತ ಯಾರೋ ಒಬ್ಬರು ಪೆನ್ಸಿಲ್ಲಿನ ಮೊನೆಯಿಂದ ಒಂದು ಹನಿಯನ್ನು ಹುಟ್ಟಿಸಿ, ಅದು ಎಷ್ಟು ಓರೆಯಾಗಿ ಇಳಿಯಬೇಕು, ಕೊಡೆಯ ಅಂಚಿನಲ್ಲಿ ಎಷ್ಟು ಹೊತ್ತು ತೂಗಬೇಕು, ಕೆಸರಿನ ಗುಂಡಿಗೆ ಬಿದ್ದಾಗ ಎಷ್ಟು ಅಗಲದ ಬಳೆ ಬಿಡಿಸಬೇಕು ಎಂದು ಒಂದೊಂದನ್ನೂ ಮನಸ್ಸಿನಲ್ಲಿ ನೋಡಿ, ಆಮೇಲೆ ಕಾಗದದಲ್ಲಿ ನೋಡಿ, ಕೊನೆಗೆ ನಮಗೆ ಕಾಣುವಂತೆ ಬಿಟ್ಟಿರುತ್ತಾರೆ. ಅವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗದು ಎಂದು ನಮ್ಮ ಮನೆಗಳಲ್ಲಿ ಹಿರಿಯರು ನಿಟ್ಟುಸಿರಿನ ಜೊತೆ ಹೇಳುವ ಮಾತೊಂದಿದೆಯಲ್ಲ, ಅದು ಈ ಬಡ ಭೂಮಿಯ ಮಟ್ಟಿಗೆ ನಿಜವೋ ಅಲ್ಲವೋ ನಾನು ಬಲ್ಲವನಲ್ಲ, ಬರೆದ ಲೋಕದ ಮಟ್ಟಿಗೆ ಮಾತ್ರ ಅಕ್ಷರಶಃ ನಿಜ. ಅಲ್ಲಿ ಒಂದು ಹುಲ್ಲುಕಡ್ಡಿ ಅಲುಗಿದರೆ, ಅದು ಅಲುಗಲಿ ಎಂದು ಒಂದು ಜೀವ ಬಯಸಿದೆ.

ನಿರ್ದೇಶಕ ಹಯಾವೊ ಮಿಯಾಜಾಕಿಯ ‘ಮೈ ನೇಬರ್ ತೊತೊರೊ’ 1988ರದ್ದು. ಅದರಲ್ಲಿ ಕತೆ ಎಂದು ಬೆರಳು ಮಡಚಿ ಹೇಳುವಂಥದ್ದು ಹೆಚ್ಚಿಲ್ಲ: ತಾಯಿ ಆಸ್ಪತ್ರೆಯಲ್ಲಿದ್ದಾಳೆ, ತಂದೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಹಳ್ಳಿಯ ಹಳೇ ಮನೆಯೊಂದಕ್ಕೆ ಬಂದಿದ್ದಾನೆ, ಮನೆಯ ಹಿಂದೆ ಕಾಡು, ಕಾಡಿನ ನಡುವೆ ಆಕಾಶಕ್ಕೆ ಕೈಯೊಡ್ಡಿದ ಕರ್ಪೂರದ ಮರ. ನಾವು ಆರತಿ ಎತ್ತುವ ಕರ್ಪೂರ ಮೊದಲೆಲ್ಲ ಯಾವ ಮರದಿಂದ ಬರುತ್ತಿತ್ತೋ ಅದೇ ಜಾತಿಯ ಮರ ಅದು. ಅದರ ಬುಡಕ್ಕೆ ಹುರಿಹಗ್ಗ ಸುತ್ತಿ, ಇಲ್ಲಿ ಯಾರೋ ಇದ್ದಾರೆ ಎಂದು ಊರು ಯಾವತ್ತೋ ಗುರುತು ಹಾಕಿಬಿಟ್ಟಿದೆ. ಚಿಕ್ಕವಳು ಮೇಯ್, ಕಾಡಿನಲ್ಲಿ ದೊಡ್ಡದೊಂದು ಪ್ರಾಣಿಯ ಹೊಟ್ಟೆಯ ಮೇಲೆ ಮಲಗಿ ಬಂದೆ ಎಂದಾಗ ತಂದೆ ಗದರುವುದಿಲ್ಲ, ಕನಸು ಕಂಡಿರಬೇಕು ಮಗಳೇ ಎಂದು ತಲೆ ಸವರುವುದೂ ಇಲ್ಲ. ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಮರದೆದುರು ನೆಟ್ಟಗೆ ನಿಂತು, ನಮ್ಮ ಮೇಯ್‌ಳನ್ನು ನೋಡಿಕೊಂಡಿದ್ದಕ್ಕೆ ಉಪಕಾರವಾಯಿತು, ಇನ್ನು ಮುಂದೆಯೂ ಹೀಗೇ ನೋಡಿಕೊಳ್ಳಿ ಎಂಬರ್ಥದ ನಾಲ್ಕು ಮಾತು ಹೇಳಿ ಬಾಗಿ ವಂದಿಸುತ್ತಾನೆ. ಆಮೇಲೆ ಮೂವರೂ ಮನೆಗೆ ಓಡುತ್ತಾರೆ, ಹಸಿವಾಗಿದೆ. ನಂಬಿಕೆಯ ಬಗ್ಗೆ ಆ ಚಿತ್ರ ಹೇಳುವುದು ಅಷ್ಟೇ, ಹೇಳಿದ್ದನ್ನು ಮತ್ತೆ ಎತ್ತುವುದೂ ಇಲ್ಲ.

ಆಮೇಲೆ ಆ ಬಸ್ ಸ್ಟಾಪು. ಕೊಡೆ ಮರೆತು ಹೋದ ತಂದೆಗಾಗಿ ಅಕ್ಕತಂಗಿಯರು ಕಾಯುತ್ತಿದ್ದಾರೆ. ಪಕ್ಕದಲ್ಲಿ ನರಿದೇವರ ಪುಟ್ಟ ಗುಡಿ ಕತ್ತಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದೆ. ಬಸ್ಸು ಬರುತ್ತದೆ, ತಂದೆ ಇಳಿಯುವುದಿಲ್ಲ, ಬಸ್ಸು ಹೋಗುತ್ತದೆ. ಮತ್ತೆ ಮಳೆ. ನಿಂತಲ್ಲೇ ತೂಕಡಿಸುವ ತಂಗಿಯನ್ನು ಅಕ್ಕ ಸತ್ಸುಕಿ ಬೆನ್ನಿಗೇರಿಸಿಕೊಳ್ಳುತ್ತಾಳೆ. ದೀಪದ ಕಂಬ ಹೊತ್ತಿಕೊಳ್ಳುತ್ತದೆ, ಒಂದು ಕಪ್ಪೆ ಯಾರ ಹಂಗೂ ಇಲ್ಲದೆ ತನ್ನ ದಾರಿ ಹಿಡಿದು ಹೋಗುತ್ತದೆ, ಮಳೆಯ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿದೆಯೇನೋ ಎನ್ನಿಸುವ ಹೊತ್ತಿಗೆ ಸತ್ಸುಕಿಯ ಕೊಡೆಯ ಅಂಚಿನಾಚೆ ಎರಡು ಪಾದಗಳು ಕಾಣುತ್ತವೆ, ರೋಮ ತುಂಬಿದ, ಉಗುರು ಬೆಳೆದ, ಒದ್ದೆಯಾದ ಪಾದಗಳು. ಮೊದಲು ಪಾದ ಮಾತ್ರ. ನಮ್ಮಲ್ಲಿ ಗರ್ಭಗುಡಿಯೆದುರು ನಿಂತವರ ಕಣ್ಣು ಮೊದಲು ಪಾದಕ್ಕೆ ಹೋಗಿ, ಆಮೇಲೆ ನಿಧಾನಕ್ಕೆ ಮೇಲೇರುವುದು ವಾಡಿಕೆ. ಈ ದೃಶ್ಯವೂ ಅದೇ ವರಸೆಯಲ್ಲಿ ಮೇಲೇರುತ್ತದೆ. ತಲೆಯ ಮೇಲೆ ಒಂದೇ ಒಂದು ಎಲೆ ಇಟ್ಟುಕೊಂಡು, ಮೇಯ್ ಹೇಳಿದ ಆ ದೊಡ್ಡ ಪ್ರಾಣಿ, ತೊತೊರೊ, ನಿಂತಿದ್ದಾನೆ, ಅವನೂ ಬಸ್ಸಿಗೇ ಕಾಯುತ್ತಿದ್ದಾನೆ. ಅವಳು ತಂದೆಗೆಂದು ತಂದ ಕೊಡೆಯನ್ನು ಅವನಿಗೆ ಕೊಡುತ್ತಾಳೆ. ಅದನ್ನು ಹೇಗೆ ಹಿಡಿಯಬೇಕೆಂದು ತೋರಿಸಿಕೊಡುತ್ತಾಳೆ. ಮರದಿಂದ ಜಾರಿದ ದಪ್ಪ ಹನಿಯೊಂದು ಕೊಡೆಯ ಬಟ್ಟೆಗೆ ಟಪ್ಪೆಂದು ಬಿದ್ದಾಗ ಆ ಮಹಾಕಾಯದ ಮೈಯಲ್ಲೆಲ್ಲ ಒಂದು ಪುಳಕ ಓಡುತ್ತದಲ್ಲ, ಕಣ್ಣು ಅರಳಿ, ಮೀಸೆ ನಿಮಿರಿ, ಇನ್ನೊಂದು ಹನಿಗಾಗಿ ಕಿವಿಯಾಗಿ ನಿಲ್ಲುತ್ತದಲ್ಲ, ಆಗೆಲ್ಲ ನನಗೆ ಅನ್ನಿಸುವುದು, ಸಾವಿರಾರು ವರ್ಷ ಮಳೆಯಲ್ಲೇ ನೆನೆದ ಕಾಡಿನ ದೈವಕ್ಕೆ ಮಳೆಯ ಸದ್ದನ್ನು ಮೊದಲ ಸಲ ಕೇಳಿಸಿದ್ದು ಒಬ್ಬ ಶಾಲೆ ಹುಡುಗಿಯ ಅಪ್ಪನ ಕೊಡೆ. ಅವನು ಖುಷಿ ತಡೆಯಲಾರದೆ ನೆಗೆದು ನೆಲಕ್ಕಪ್ಪಳಿಸುತ್ತಾನೆ, ಮರವೆಲ್ಲ ನಡುಗಿ ಅಷ್ಟೂ ಹನಿ ಒಟ್ಟಿಗೆ ಸುರಿಯುತ್ತದೆ. ಬೆಕ್ಕಿನ ರೂಪದ ಬಸ್ಸು ಬಂದು ಅವನು ಹತ್ತಿ ಹೋಗುವಾಗ ಅವಳ ಕೈಗೆ, ಬಿದಿರಿನ ಎಲೆಯಲ್ಲಿ ಸುತ್ತಿ ಹುಲ್ಲಿನಲ್ಲಿ ಬಿಗಿದ ಕಾಡುಬೀಜದ ಪೊಟ್ಟಣವೊಂದು ಬಂದಿರುತ್ತದೆ. ಕೊಡೆ ವಾಪಸು ಕೊಡುವುದನ್ನು ಮಾತ್ರ ಅವನು ಮರೆಯುತ್ತಾನೆ.

ನೋಡುವವರಿಗೆ ಇದೆಲ್ಲ ಹರಿಯುವ ನೀರು, ಮಾಡುವವರಿಗೆ ಲೆಕ್ಕ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ಒಂದೊಂದು ಫ್ರೇಮಿಗೂ ಹೊಸ ಚಿತ್ರ ಬರೆಯುವುದು ಎಲ್ಲರ ಕೈಯಿಂದ ಆಗುವ ಮಾತಲ್ಲ. ಆದ್ದರಿಂದ ಒಂದು ಚಿತ್ರವನ್ನು ಎರಡು ಫ್ರೇಮು, ಮೂರು ಫ್ರೇಮು ಹಿಡಿದು ನಿಲ್ಲಿಸುತ್ತಾರೆ. ಮೂರರಂತೆ ನಿಲ್ಲಿಸಿದರೆ ಸೆಕೆಂಡಿಗೆ ಎಂಟು ಚಿತ್ರ ಸಾಕು. ಒಸಾಮು ತೆಜುಕಾ 1963ರ ಜನವರಿಯಲ್ಲಿ ‘ಆಸ್ಟ್ರೋ ಬಾಯ್’ ಸರಣಿಯನ್ನು ವಾರಕ್ಕೊಂದು ಕಂತಿನಂತೆ ಟೀವಿಗೆ ತಂದಾಗ ದುಡ್ಡೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ. ಮುಖ ಅಲುಗದೆ ತುಟಿ ಮಾತ್ರ ಅಲುಗುವುದು, ದೇಹ ನಿಂತಲ್ಲೇ ನಿಂತು ಹಿನ್ನೆಲೆ ಮಾತ್ರ ಸರಿಯುವುದು, ಒಮ್ಮೆ ಬರೆದದ್ದನ್ನು ಮತ್ತೆ ಮತ್ತೆ ಬಳಸುವುದು, ಎಲ್ಲ ಆ ಬಡತನದ ಮಕ್ಕಳು. ಆದರೆ ಬಡತನದಿಂದ ಬಂದ ಆ ನಿಶ್ಚಲತೆ ಕೆಲವರ ಕೈಯಲ್ಲಿ ಎಂಥ ಐಶ್ವರ್ಯವಾಯಿತು! ಏನೂ ಅಲುಗದ ಚಿತ್ರವೊಂದರ ಮೇಲೆ ಬರೀ ಜೀರುಂಡೆಯ ಸದ್ದು ಹರಿಸಿ ನಾಲ್ಕು ಉಸಿರಿನಷ್ಟು ಹೊತ್ತು ಸುಮ್ಮನಿರುವ ಧೈರ್ಯ ಬೇರೆ ಯಾವ ಜನಪ್ರಿಯ ಕಲೆಗೆ ಇದೆಯೋ ನಾನು ಕಾಣೆ. ಚಿತ್ರವಿಮರ್ಶಕ ರೋಜರ್ ಎಬರ್ಟ್ 2002ರಲ್ಲಿ ಈ ಬಗ್ಗೆ ಕೇಳಿದಾಗ ಮಿಯಾಜಾಕಿ ಕೈ ತಟ್ಟಿ ತೋರಿಸಿದರಂತೆ, ಒಂದು ಚಪ್ಪಾಳೆಗೂ ಇನ್ನೊಂದಕ್ಕೂ ನಡುವೆ ಉಳಿಯುತ್ತದಲ್ಲ, ಅದು ಎಂದು. ತಾಳ ಹಾಕಿ ಗೊತ್ತಿರುವವರಿಗೆ ಇದನ್ನು ಇನ್ನು ಬಿಡಿಸಿ ಹೇಳಬೇಕಿಲ್ಲ.

(ನಮ್ಮ ಪೀಳಿಗೆ ಈ ಲೋಕದೊಳಕ್ಕೆ ಕಾಲಿಟ್ಟದ್ದು ಗೊತ್ತಿಲ್ಲದೆಯೇ. ತೊಂಬತ್ತರ ದಶಕದ ಭಾನುವಾರ ದೂರದರ್ಶನದಲ್ಲಿ ಹಿಂದಿ ಮಾತಾಡುತ್ತ ಬರುತ್ತಿದ್ದ ಮೋಗ್ಲಿ, ನಿಪ್ಪಾನ್ ಅನಿಮೇಶನ್ ಎಂಬ ಜಪಾನಿ ಸಂಸ್ಥೆ 1989ರಲ್ಲಿ ಮಾಡಿದ ಹುಡುಗ. ಕಾಡು ನಮ್ಮದು, ಕತೆ ಕಿಪ್ಲಿಂಗನದು, ಗುಲ್ಜಾರರ ಹಾಡು ನಾಲಿಗೆ ತುದಿಯಲ್ಲಿ. ಆ ಎಲೆಗಳನ್ನೆಲ್ಲ ಬರೆದವರು ಎಲ್ಲಿಯವರೆಂದು ಕೇಳುವ ವಯಸ್ಸೇ ಅದಲ್ಲ.)

‘ಸ್ಪಿರಿಟೆಡ್ ಅವೇ’ 2001ರಲ್ಲಿ ಬಂತು, ಮರುವರ್ಷ ಬರ್ಲಿನ್ನಿನ ಚಿನ್ನದ ಕರಡಿ, ಅದರ ಮರುವರ್ಷ ಆಸ್ಕರ್. ಪ್ರಶಸ್ತಿಗಳಿರಲಿ. ಆ ಚಿತ್ರದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಎರಡು ಕಡೆ. ಒಂದು, ಚಿಹಿರೊ ಅನ್ನದುಂಡೆ ತಿನ್ನುವಲ್ಲಿ. ಹತ್ತು ವರ್ಷದ ಹುಡುಗಿ, ತಂದೆತಾಯಿ ಹಂದಿಗಳಾಗಿದ್ದಾರೆ, ದೇವತೆಗಳು ಮೀಯಲು ಬರುವ ಸ್ನಾನದ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಹೆಸರನ್ನೂ ಅಡವಿಟ್ಟಿದ್ದಾಳೆ. ಇಷ್ಟೆಲ್ಲ ಆದರೂ ಅತ್ತಿಲ್ಲ. ಹೂಗಿಡಗಳ ಮರೆಯಲ್ಲಿ ಕೂರಿಸಿ ಹಾಕು ಎಂಬ ಹುಡುಗ ಒಂದು ಅನ್ನದುಂಡೆ ಕೊಡುತ್ತಾನೆ. ಬೇಡ ಎನ್ನುತ್ತಾಳೆ, ಆಮೇಲೆ ಒಂದು ಸಣ್ಣ ತುತ್ತು ಕಚ್ಚುತ್ತಾಳೆ, ಆಮೇಲೆ ಇನ್ನೊಂದು, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಗಬಗಬನೆ; ಬಾಯಿ ತುಂಬಿರುವಾಗಲೇ ಕಣ್ಣಿಂದ ನೀರು ಉರುಳುತ್ತದೆ, ಹನಿಯಲ್ಲ, ಗೋಲಿಯಷ್ಟು ದಪ್ಪ ದಪ್ಪ. ಅಷ್ಟು ದೊಡ್ಡ ಕಣ್ಣೀರು ಲೋಕದಲ್ಲಿ ಯಾರಿಗೂ ಬರುವುದಿಲ್ಲ. ಆದರೆ ಹಸಿದು ಅಳುವಾಗ ಒಳಗಿನಿಂದ ಅದು ಅಷ್ಟೇ ದೊಡ್ಡದಾಗಿ ಅನ್ನಿಸುತ್ತದೆ ಎಂಬುದನ್ನು ಬರೆದವರು ಮರೆತಿರಲಿಲ್ಲ.

ಇನ್ನೊಂದು, ಆ ರೈಲು. ಬಾಯ್ಲರಿನ ಮುದುಕ ಕಮಾಜಿ ನಲವತ್ತು ವರ್ಷದಿಂದ ಎತ್ತಿಟ್ಟಿದ್ದ ಟಿಕೆಟ್ಟುಗಳನ್ನು ಹುಡುಕಿ ತೆಗೆದು ಕೊಟ್ಟಿದ್ದಾನೆ. ಮೊದಲು ಹೋಗಿ ಬರುವ ರೈಲಿತ್ತು, ಈಗ ಹೋಗುವುದು ಮಾತ್ರ. ಮಳೆನೀರು ನಿಂತು ಸಮುದ್ರವಾದ ಬಯಲು, ಹಳಿ ನೀರಿನಡಿ ಇದೆ, ಆಕಾಶ ಮೇಲೂ ಇದೆ ಕೆಳಗೂ ಇದೆ, ಆ ಎರಡು ಆಕಾಶಗಳ ನಡುವಿನ ಗೆರೆಯನ್ನು ಬಿಡಿಸುತ್ತ ಎರಡು ಬೋಗಿಯ ರೈಲು ಬರುತ್ತದೆ. ಒಳಗೆ ಕುಳಿತವರು ನೆರಳಿನಂಥ ಜನ, ಮೈಯಾಚೆಯ ಕಿಟಕಿ ಮೈಯೊಳಗಿಂದ ಕಾಣುವಷ್ಟು ತೆಳು, ಕೈಯಲ್ಲಿ ಚೀಲ, ತಲೆಗೆ ಟೊಪ್ಪಿ, ಯಾರೂ ಮಾತಾಡುವುದಿಲ್ಲ. ಒಂದೊಂದೇ ನಿಲ್ದಾಣದಲ್ಲಿ ಇಳಿದುಹೋಗುತ್ತಾರೆ. ನೀರಿನ ನಡುವಿನ ಒಂಟಿ ಮನೆಯೊಂದರ ಅಂಗಳದಲ್ಲಿ ಬಟ್ಟೆ ಒಣಗಲು ಹಾಕಿದೆ. ಒಂದು ಪ್ಲಾಟ್‌ಫಾರಮ್ಮಿನಲ್ಲಿ ಪುಟ್ಟ ಹುಡುಗಿಯ ನೆರಳೊಂದು ನಿಂತು ರೈಲನ್ನೇ ನೋಡುತ್ತದೆ, ಯಾರಿಗೆ ಕಾಯುತ್ತಿದೆಯೋ, ರೈಲು ಮುಂದೆ ಹೋಗಿಬಿಡುತ್ತದೆ. ಜೋ ಹಿಸೈಶಿಯ ಪಿಯಾನೋ ಎಲ್ಲೋ ಪಕ್ಕದ ಮನೆಯಲ್ಲಿ ನುಡಿಸುತ್ತಿರುವಂತೆ ಬರುತ್ತದೆ. ಹೊತ್ತಿಳಿದು, ಕಿಟಕಿಯಾಚೆ ಕೆಂಪು ನೀಲಿ ದೀಪಗಳು ಹಾಯ್ದು, ಚಿಹಿರೊ ನೆಟ್ಟಗೆ ಕೂತು ಮುಂದಕ್ಕೆ ನೋಡುತ್ತಿದ್ದಾಳೆ, ಪಕ್ಕದಲ್ಲಿ ಮುಖವಾಡದ ಆ ಮೂಕಜೀವ ಮಡಿಲಲ್ಲಿ ಕೈಯಿಟ್ಟುಕೊಂಡು ಒಳ್ಳೆಯ ಹುಡುಗನಂತೆ ಕೂತಿದೆ, ಹಿಂದಿನ ಗಳಿಗೆಯವರೆಗೆ ಕಂಡಕಂಡವರನ್ನು ನುಂಗುತ್ತಿದ್ದದ್ದು ಅದೇ. ಇಷ್ಟೇ ಆಗುವುದು. ಇದನ್ನು ಕತ್ತರಿಸಿ ಎಸೆದರೆ ಕತೆಗೆ ಒಂದು ಎಳೆಯೂ ಕಡಿಮೆಯಾಗುವುದಿಲ್ಲ, ಆದರೆ ಆ ಮೇಲೆ ಆ ಚಿತ್ರವನ್ನು ನೋಡಲು ನಾನಂತೂ ಕೂರುವುದಿಲ್ಲ.

ಅದೇ ಚಿತ್ರದಲ್ಲಿ ಕೊಳೆತು ನಾರುವ ದೈವವೊಂದು ಮೀಯಲು ಬರುವುದನ್ನು ನೋಡಿದವರು ಮರೆಯಲಾರರು. ಹೊಟ್ಟೆಯಿಂದ ಮುಳ್ಳಿನಂಥದ್ದೇನೋ ಚಾಚಿದೆ, ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರೆ ಅದು ಸೈಕಲ್ಲಿನ ಹಿಡಿ. ಸೈಕಲ್ಲಿನ ಹಿಂದೆ ಒಂದು ಊರಿನ ಅಷ್ಟೂ ಕಸ ಭೋರೆಂದು ಹೊರಬೀಳುತ್ತದೆ, ಕೊಳೆ ಕಳಚಿದಾಗ ಅದು ನದಿ. ಮಿಯಾಜಾಕಿ ತಮ್ಮ ಊರಿನ ಹೊಳೆ ಸ್ವಚ್ಛ ಮಾಡಲು ಹೋಗಿದ್ದಾಗ ಕೆಸರಿನಲ್ಲಿ ಹೂತ ಸೈಕಲ್ಲನ್ನು ನಿಜವಾಗಿಯೂ ಎಳೆದು ತೆಗೆದಿದ್ದರು. ನಮ್ಮ ವೃಷಭಾವತಿ ಹೊಳೆಯ ಮೇಲಿನ ಸೇತುವೆ ದಾಟುವಾಗ ಮೂಗು ಮುಚ್ಚಿಕೊಂಡ ಕೈ ಸಡಿಲಾಗುವುದಿಲ್ಲ ನಿಜ, ಆದರೆ ಆ ನದಿದೈವದ ನಗುವ ಮುದುಕನ ಮುಖ ಒಮ್ಮೆ ಕಣ್ಣಿಗೆ ಕಟ್ಟಿದ ಮೇಲೆ ಕೆಳಗೆ ನೋಡುವ ರೀತಿ ಬೇರೆಯಾಗಿಬಿಡುತ್ತದೆ.

ದೇವರು ಚಿಕ್ಕದಾಗುತ್ತ ಹೋಗುವ ಕತೆ ಇನ್ನೊಂದಿದೆ. ‘ನತ್ಸುಮೆ ಯೂಜಿಂಚೊ’ 2008ರಿಂದ ಆಗಾಗ ಹೊಸ ಕಂತುಗಳೊಂದಿಗೆ ಬರುತ್ತಿರುವ ಸರಣಿ. ಬೇರೆಯವರಿಗೆ ಕಾಣದ್ದು ಕಾಣುವ ಅನಾಥ ಹುಡುಗ, ಅವನ ಅಜ್ಜಿ ಬಿಟ್ಟುಹೋದ ಪುಸ್ತಕ, ಅದರಲ್ಲಿ ಸೆರೆಯಾಗಿರುವ ಕಾಡುಜೀವಗಳ ಹೆಸರುಗಳು, ಅವನ್ನು ಒಂದೊಂದಾಗಿ ಹಿಂದಿರುಗಿಸುವ ಕೆಲಸ. ಅದರ ಎರಡನೆಯ ಕಂತಿನಲ್ಲಿ ಬರುವ ಇಬ್ಬನಿಯ ದೇವರು ಅಂಗೈಯಷ್ಟೇ ಎತ್ತರ. ನಿಜಕ್ಕೆ ಅವನು ದೇವರೇ ಅಲ್ಲ. ದಾರಿ ಬದಿಯ ಖಾಲಿ ಗೂಡಿನಲ್ಲಿ ತಂಗಿದ ಅಲೆಮಾರಿ ಜೀವ. ಬರಗಾಲದ ಒಂದು ವರ್ಷ ಯಾರೋ ಅಲ್ಲಿ ಮಳೆಗಾಗಿ ಕೈಮುಗಿದರು, ಮರುದಿನ ಹನಿಯಿತು, ಜನ ದೇವರೆಂದರು, ಅವನು ದೇವರಾದ. ಪೂಜೆ ಹೆಚ್ಚಿದಂತೆ ಬೆಳೆದ, ಕಡಿಮೆಯಾದಂತೆ ಕುಗ್ಗಿದ, ಈಗ ಉಳಿದಿರುವುದು ಹಣ್ಣು ತಂದಿಟ್ಟು ಹೋಗುವ ಹಾನಾ ಎಂಬ ಒಬ್ಬ ಮುದುಕಿ. ಅವಳು ತೀರಿಕೊಂಡ ದಿನ ಅವನ ಕಾಲವೂ ಮುಗಿಯುತ್ತದೆ. ನಾನು ನಂಬುತ್ತೇನಲ್ಲ, ನಾನು ಪೂಜಿಸುತ್ತೇನಲ್ಲ ಎಂದು ಹುಡುಗ ಗೋಗರೆದರೆ, ನೀನು ನನಗೆ ಗೆಳೆಯ ಎನ್ನುತ್ತಾನೆ, ಭಕ್ತನ ಜಾಗಕ್ಕೆ ಗೆಳೆಯ ಬರಲಾಗದು. ಎಷ್ಟೋ ವರ್ಷದ ಹಿಂದೆ ಹುಡುಗಿಯಾಗಿದ್ದ ಹಾನಾ ಒಮ್ಮೆ ಅವನನ್ನು ಕಂಡಂತಾಗಿ ನಾಚಿದ್ದಳು, ಅವನು ಮಾತಾಡಿಸಲಾರದೆ ಸುಮ್ಮನೆ ನೋಡಿದ್ದ. ಅದೊಂದನ್ನು ಅಷ್ಟು ವರ್ಷ ಕಾಪಿಟ್ಟುಕೊಂಡಿದ್ದ ಜೀವ ಅದನ್ನು ಕಾಪಿಟ್ಟುಕೊಂಡೇ ಹೊರಟುಹೋಗುತ್ತದೆ. ದೇವರಿಗೂ ಮುದುಕಿಗೂ ನಡುವೆ ಇದ್ದದ್ದು ಭಕ್ತಿಯೋ ಪ್ರೀತಿಯೋ ಎಂದು ಆ ಕಂತು ಬಿಡಿಸಲು ಹೋಗುವುದಿಲ್ಲ. ಸುಮಾರು ಇಪ್ಪತ್ತು ನಿಮಿಷದ ಕತೆ ಅದು.

‘ಮುಶಿಶಿ’ಯ ಬಗ್ಗೆ ಬರೆಯುವಾಗ ದನಿ ತಾನಾಗಿ ತಗ್ಗುತ್ತದೆ. ಯೂಕಿ ಉರುಶಿಬಾರಾ ಅವರ ಕಾಮಿಕ್ಸ್ ಕತೆಗಳನ್ನು ಹಿರೋಶಿ ನಾಗಾಹಾಮಾ 2005ರಲ್ಲಿ 26 ಕಂತುಗಳ ಸರಣಿಯಾಗಿ ತೆರೆಗೆ ತಂದರು. ಯಾವ ಶತಮಾನವೆಂದು ಹೇಳಲಾಗದ ಕಾಲ. ಬಿಳಿಗೂದಲಿನ, ಒಂದೇ ಹಸಿರು ಕಣ್ಣಿನ ಗಿಂಕೊ ಬೆನ್ನಿಗೆ ಮರದ ಪೆಟ್ಟಿಗೆ ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ನಡೆಯುತ್ತಾನೆ. ಗಿಡವೂ ಅಲ್ಲದ, ಪ್ರಾಣಿಯೂ ಅಲ್ಲದ, ಜೀವ ಎಂಬುದು ಇನ್ನೂ ಆಕಾರ ತಾಳುವ ಮೊದಲಿನ ಸೀಮೆಯಲ್ಲಿ ಸುಳಿದಾಡುವ ‘ಮುಶಿ’ಗಳು ಮನುಷ್ಯರ ಬದುಕಿಗೆ ತಾಗಿದಾಗ ಏನೇನೋ ಆಗುತ್ತದೆ: ಒಬ್ಬಳ ಕಿವಿಯೊಳಗೆ ಸದ್ದು ತುಂಬುತ್ತದೆ, ಒಬ್ಬ ಹುಡುಗ ಎಡಗೈಯಲ್ಲಿ ಬರೆದ ಹಕ್ಕಿ ಕಾಗದ ಬಿಟ್ಟು ಹಾರಿಹೋಗುತ್ತದೆ. ಗಿಂಕೊ ಬಂದು ನೋಡುತ್ತಾನೆ, ತಿಳಿದದ್ದನ್ನು ಹೇಳುತ್ತಾನೆ, ಕೈಲಾದರೆ ನೆರವಾಗುತ್ತಾನೆ, ಹೊರಡುತ್ತಾನೆ. ಅವನು ಎಲ್ಲೂ ನೆಲೆ ನಿಲ್ಲುವಂತಿಲ್ಲ, ನಿಂತರೆ ಮುಶಿಗಳು ಅವನತ್ತ ಮುತ್ತುತ್ತವೆ. ಕೆಟ್ಟವರು ಯಾರೂ ಇಲ್ಲದ ಕತೆಗಳಿವು. ಮುಶಿಯೂ ಬದುಕಲು ನೋಡುತ್ತಿದೆ, ಮನುಷ್ಯನೂ ಬದುಕಲು ನೋಡುತ್ತಿದ್ದಾನೆ.

ಅದರ ಎರಡನೆಯ ಕಂತಿನಲ್ಲಿ, ಬೆಳಕು ತಾಳದ ಕಣ್ಣಿನ ಹುಡುಗಿಯನ್ನು ಉಗ್ರಾಣದ ಕತ್ತಲಲ್ಲಿ ಇರಿಸಿದ್ದಾರೆ. ಅವಳು ಜೊತೆಗಾರ ಹುಡುಗನಿಗೆ ಹೇಳಿಕೊಡುತ್ತಾಳೆ: ಕಣ್ಣು ಮುಚ್ಚಿದ ಮೇಲೆ ಒಳಗೆ ಇನ್ನೊಂದು ರೆಪ್ಪೆ ಇದೆ, ಅದನ್ನೂ ಮುಚ್ಚು. ಅದನ್ನು ಮುಚ್ಚಿದಾಗ ನಿಜವಾದ ಕತ್ತಲು ಇಳಿಯುತ್ತದೆ, ಆ ಕತ್ತಲ ತಳದಲ್ಲಿ ಬೆಳಕಿನ ಹೊಳೆಯೊಂದು ಹರಿಯುತ್ತಿರುತ್ತದೆ, ಲಕ್ಷ ಲಕ್ಷ ಮಿಣುಕುಗಳ ಹೊಳೆ, ಸದ್ದಿಲ್ಲ, ದಡವಿದೆ. ಆ ಕಂತು ನೋಡಿದ ರಾತ್ರಿ ದೀಪ ಆರಿಸಿ ಮಲಗಿ ಎರಡನೆಯ ರೆಪ್ಪೆಯನ್ನು ಹುಡುಕದವರು ಇದ್ದರೆ ಅವರಿಗೆ ನನ್ನ ದೊಡ್ಡ ನಮಸ್ಕಾರ. ಪ್ರತಿ ಕಂತಿನ ಕೊನೆಯ ಸಂಗೀತವನ್ನು ತೊಶಿಯೊ ಮಸುದಾ ಬೇರೆ ಬೇರೆಯಾಗಿಯೇ ಕಟ್ಟಿದ್ದಾರೆ, ಒಂದು ಗಂಟೆಯ ನಾದ, ಅದರ ಬೆನ್ನಿಗೆ ಮೌನ, ಮೌನ ಕರಗುವ ಮೊದಲು ಇನ್ನೊಂದು ನಾದ. ಒಂದರ ಹಿಂದೊಂದು ನಾಲ್ಕು ಕಂತು ನೋಡಿ ಮುಗಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ರಾತ್ರಿಗೊಂದು ಸಾಕು.

ಇಸಾವೊ ತಕಾಹಾತಾ ಮಿಯಾಜಾಕಿಯ ಜೊತೆಗಾರ, 1985ರಲ್ಲಿ ಘಿಬ್ಲಿ ಸ್ಟುಡಿಯೋ ಕಟ್ಟಿದವರಲ್ಲಿ ಒಬ್ಬರು. ಚಿತ್ರ ಬರೆಯುವ ಕೈ ಅವರದಲ್ಲ, ಬೇರೆಯವರಿಂದ ಬರೆಸುವ ಕಣ್ಣು ಅವರದು. ಒಂಬತ್ತರ ವಯಸ್ಸಿನಲ್ಲಿ, 1945ರ ಜೂನಿನಲ್ಲಿ, ಒಕಾಯಾಮಾ ನಗರದ ಮೇಲೆ ಬಾಂಬು ಸುರಿದ ರಾತ್ರಿ ಓಡಿ ಬದುಕಿಕೊಂಡವರು. ಅವರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಮತ್ತು ‘ತೊತೊರೊ’ ಎರಡೂ 1988ರ ಏಪ್ರಿಲ್ 16ರಂದು ಒಂದೇ ಟಿಕೆಟ್ಟಿಗೆ ಜೋಡಿಯಾಗಿ ತೆರೆಕಂಡವು ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ; ಒಂದರಲ್ಲಿ ಮಳೆಯಲ್ಲಿ ಕಾಯುವ ಅಕ್ಕತಂಗಿಯರು, ಇನ್ನೊಂದರಲ್ಲಿ ಹಸಿವಿನಲ್ಲಿ ಕರಗುವ ಅಣ್ಣತಂಗಿಯರು. ಗುಹೆಯಲ್ಲಿ ಒಂದು ರಾತ್ರಿ ಬೆಳಗಿದ ಮಿಂಚುಹುಳುಗಳನ್ನು ಮರುದಿನ ಪುಟ್ಟ ಸೆತ್ಸುಕೊ ಮಣ್ಣು ತೋಡಿ ಹೂಳುತ್ತ, ಇವು ಯಾಕೆ ಇಷ್ಟು ಬೇಗ ಸತ್ತವು ಎಂದು ಅಣ್ಣನನ್ನು ಕೇಳುತ್ತಾಳೆ. ಆ ಚಿತ್ರದ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಅವರ ಕೊನೆಯ ಚಿತ್ರ ‘ರಾಜಕುಮಾರಿ ಕಾಗುಯಾ’ ತಯಾರಾಗಲು ಎಂಟು ವರ್ಷ ಹಿಡಿಯಿತು, 2013ರಲ್ಲಿ ತೆರೆಕಂಡಾಗ ಅವರಿಗೆ 78. ಬಿದಿರಿನ ಗಣ್ಣಿನೊಳಗೆ ಸಿಕ್ಕ ಚಂದ್ರಲೋಕದ ಮಗುವಿನ ಕತೆ, ಜಪಾನಿನ ಬಹು ಹಳೆಯ ಕತೆ. ಪೂರ್ತಿ ಬಣ್ಣ ತುಂಬುವುದಿಲ್ಲ. ಕಾಗದದ ಬಿಳುಪು ಸುತ್ತ ಹಾಗೇ ಉಳಿದಿದೆ, ಗೆರೆ ಕೆಲವೆಡೆ ಶುರುವಾಗುವುದೇ ಇಲ್ಲ, ಕೆಲವೆಡೆ ಮುಗಿಯುವುದೇ ಇಲ್ಲ. ಅರಮನೆಯ ಔತಣದಲ್ಲಿ ಕುಡಿದವರ ಕೊಂಕು ಕಿವಿಗೆ ಬಿದ್ದಾಗ ಕಾಗುಯಾ ಎದ್ದು ಓಡುತ್ತಾಳೆ, ಬಾಗಿಲುಗಳನ್ನು ಒಡೆದುಕೊಂಡು, ಪದರ ಪದರ ರೇಷ್ಮೆಯನ್ನು ದಾರಿಯುದ್ದ ಕಳಚುತ್ತ. ಅವಳ ಜೊತೆ ಗೆರೆಯೂ ತಾಳ್ಮೆ ಕಳೆದುಕೊಳ್ಳುತ್ತದೆ, ಇದ್ದಿಲಿನಿಂದ ಗೀಚಿ ಬಿಸಾಡಿದಂತೆ, ಮುಖವಿಲ್ಲ, ಕಾಲಿಲ್ಲ, ಓಟ ಮಾತ್ರ, ಮೇಲೊಂದು ಚಂದ್ರ. ಬರೆದ ಗೆರೆ ಉಸಿರು ಕಟ್ಟಿ ಓಡುವುದನ್ನು ನಾನು ಕಂಡದ್ದು ಅಲ್ಲಿ ಮಾತ್ರ. ಕೊನೆಗೆ ಅವಳನ್ನು ಕರೆದೊಯ್ಯಲು ಚಂದ್ರಲೋಕದ ದಿಬ್ಬಣ ಮೋಡದ ಮೇಲೆ ಇಳಿದು ಬರುತ್ತದಲ್ಲ, ಆಗಿನ ಸಂಗೀತ ದುಃಖದ್ದಲ್ಲ, ಕುಣಿಸುವಂಥ, ಜಾತ್ರೆಯ ವಾದ್ಯದಂಥ ಲವಲವಿಕೆಯದು. ಅಳುವವರ ಅಳು ಆ ದಿಬ್ಬಣಕ್ಕೆ ಕೇಳಿಸುವುದೇ ಇಲ್ಲ. ದೇವಲೋಕದ ಅಷ್ಟು ನಿರ್ಮಲವಾದ ಭೀಕರತೆಯನ್ನು ಬೇರೆ ಎಲ್ಲೂ ಕೇಳಿಲ್ಲ ನಾನು.

ಇನ್ನೊಬ್ಬ ನಿರ್ದೇಶಕ ಮಕೊತೊ ಶಿನ್ಕಾಯ್ ಅವರ ಹೊಳಪು ಕೆಲವು ಸಲ ನನಗೆ ಅತಿಯೆನಿಸುತ್ತದೆ; ಅವರ ಮೋಡಗಳಿಗೆ ತಾವು ಚೆಂದವೆಂದು ಗೊತ್ತಿದೆ. ಆದರೂ 46 ನಿಮಿಷದ ‘ಗಾರ್ಡನ್ ಆಫ್ ವರ್ಡ್ಸ್’ನಲ್ಲಿ ಶಿಂಜುಕು ಉದ್ಯಾನದ ಮಂಟಪದೊಳಗೆ ಕುಳಿತವರ ಕೆನ್ನೆಯಂಚಿಗೆ ಹೊರಗಿನ ಎಲೆಗಳ ಹಸಿರು ಅಂಟಿಕೊಂಡಿರುವುದನ್ನು ಕಂಡಾಗ ತಕರಾರೆಲ್ಲ ನಿಂತುಹೋಗುತ್ತದೆ. ಮೈಬಣ್ಣದ ನೆರಳಿಗೆ ಹಸಿರು ಹಚ್ಚಬೇಕೆಂದು ಹೊಳೆದವರಿಗೆ ಮಳೆಗಾಲ ಗೊತ್ತಿತ್ತು.

ಈ ಎಲ್ಲದರ ಹಿಂದೆ ಕೈಗಳಿವೆ. ಮಿಯಾಜಾಕಿಯ ‘ದ ವಿಂಡ್ ರೈಸಸ್’ನಲ್ಲಿ 1923ರ ಭೂಕಂಪದ ನಂತರ ಜನ ದಿಕ್ಕಾಪಾಲಾಗಿ ಸಾಗುವ ಒಂದು ದೃಶ್ಯವಿದೆ, ನಾಲ್ಕೇ ಸೆಕೆಂಡು, ಏಜಿ ಯಾಮಾಮೊರಿ ಎಂಬ ಕಲಾವಿದ ಅದಕ್ಕೆ ಒಂದು ವರ್ಷ ಮೂರು ತಿಂಗಳು ಕೊಟ್ಟರು. ಗಂಟು ಹೊತ್ತವರು, ಮಗು ಎತ್ತಿದವರು, ತಿರುಗಿ ನೋಡುವವರು, ಒಬ್ಬೊಬ್ಬರಿಗೂ ಅವರದೇ ಅವಸರ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಅದೇ ಚಿತ್ರದ ಭೂಕಂಪದ ಗುಡುಗನ್ನೂ ವಿಮಾನದ ಇಂಜಿನ್ನಿನ ಸದ್ದನ್ನೂ ಮನುಷ್ಯರ ಬಾಯಿಯಿಂದಲೇ ಹೊರಡಿಸಿದ್ದಾರೆ. ತಿಳಿದ ಮೇಲೆ ಕೇಳಿದರೆ ಭೂಮಿಯೇ ಗಂಟಲೆತ್ತಿ ನರಳಿದಂತಾಗುತ್ತದೆ. ‘ಎ ಸೈಲೆಂಟ್ ವಾಯ್ಸ್’ ಕಿವಿ ಕೇಳದ ಹುಡುಗಿಯ ಕತೆ. ಅದರ ಸಂಗೀತಕ್ಕೆ ಕೆನ್ಸುಕೆ ಉಶಿಯೊ ಪಿಯಾನೋದ ಒಡಲೊಳಗೇ ಮೈಕು ಇಟ್ಟು, ಮನೆ ಒತ್ತುವ, ಪೆಡಲು ಏಳುವ, ಮರ ಕಿರುಗುಟ್ಟುವ ಸದ್ದನ್ನೆಲ್ಲ ಹಿಡಿದರು, ಸ್ವರಕ್ಕಿಂತ ಮೊದಲು ಅದುರು ಮುಟ್ಟಲಿ ಎಂದು. ಆ ಚಿತ್ರ ಮಾಡಿದ್ದು ಕ್ಯೋಟೋ ಅನಿಮೇಶನ್. 2019ರ ಜುಲೈ 18ರಂದು ಒಬ್ಬ ಅವರ ಸ್ಟುಡಿಯೋಗೆ ಬೆಂಕಿಯಿಟ್ಟ, 36 ಮಂದಿ ಹೋದರು. ಅಂದಿನಿಂದ ಅವರ ಹಳೆಯ ಸರಣಿಗಳನ್ನು ಹಾಕಿದಾಗ, ಹಾರುವ ಒಂದು ಕೂದಲೆಳೆ ಕಂಡರೂ ಇದನ್ನು ಬರೆದ ಕೈ ಯಾವುದಿರಬಹುದು ಎಂದು ನಿಲ್ಲಿಸಿ ನೋಡುವ ಅಭ್ಯಾಸ ಹತ್ತಿದೆ. ಕೊನೆಯಲ್ಲಿ ಹೆಸರುಗಳ ಪಟ್ಟಿ ಮೇಲೇರುವಾಗ ಟೀವಿ ಆರಿಸುವುದಿಲ್ಲ. ಆ ಲಿಪಿ ನನಗೆ ಓದಲು ಬಾರದು, ಆದರೂ ಕೊನೆಯ ಸಾಲಿನವರೆಗೆ ಕೂರುತ್ತೇನೆ.

ಟೋಕಿಯೊ ಮತ್ತು ಸೈತಾಮಾ ನಡುವಿನ ಸಯಾಮಾ ಗುಡ್ಡಗಳು ತೊತೊರೊನ ಕಾಡಿಗೆ ಮಾದರಿಯಾದ ಜಾಗಗಳಲ್ಲಿ ಒಂದು. ಚಿತ್ರದ ಹಿನ್ನೆಲೆಗಳನ್ನು ಬರೆದ ಕಜುವೊ ಓಗಾ ಅವರ ಕೈ ಪೋಸ್ಟರ್ ಕಲರಿನಲ್ಲಿ ಒಂದೊಂದು ಎಲೆಯಂಚಿಗೂ ಬಿಸಿಲು ಹಚ್ಚಿ ಕೂರಿಸಿದ ಆ ಹಸಿರಿನಲ್ಲಿ ಅಲ್ಲಿಯದೂ ಇದೆ. ಊರು ಬೆಳೆದು, ಸೈಟುಗಳಾಗಿ, ಕಾಡು ತುಂಡು ತುಂಡಾಗಿ ಹೋಗುತ್ತಿದ್ದಾಗ ಅಲ್ಲಿಯ ಕೆಲವರು 1990ರಲ್ಲಿ ತೊತೊರೊನ ಹೆಸರಿಟ್ಟು ನಿಧಿಯೊಂದನ್ನು ಶುರು ಮಾಡಿದರು. ಚಿತ್ರ ನೋಡಿದವರು ಕೈಲಾದಷ್ಟು ಕಳಿಸಿದರು, ಮಿಯಾಜಾಕಿಯವರೂ ಜೊತೆ ನಿಂತರು. ಮರುವರ್ಷವೇ ಮೊದಲ ತುಂಡು ಕಾಡನ್ನು ದುಡ್ಡು ಕೊಟ್ಟು ಕೊಂಡರು. ಆಮೇಲೆ ಇನ್ನೊಂದು, ಇನ್ನೊಂದು, ಈಗ ಅಂಥವು ಹಲವು ಹತ್ತು ಇವೆ, ಒಂದೊಂದಕ್ಕೂ ಒಂದು ನಂಬರು. ಮೊದಲನೆಯದರ ಹೆಸರು ‘ತೊತೊರೊನ ಕಾಡು, ನಂಬರ್ 1’. ಅಲ್ಲಿಯ ನೋಂದಣಿ ಕಚೇರಿಯಲ್ಲಿ ಆ ಕಾಗದಪತ್ರಗಳನ್ನು ಮುಂದಿಟ್ಟುಕೊಂಡ ಗುಮಾಸ್ತರು ಅದನ್ನು ಓದಿ ಒಮ್ಮೆ ತಲೆಯೆತ್ತಿ ನೋಡಿರಬಹುದು. ಆ ಮುಖವನ್ನೂ ಯಾರಾದರೂ ಬರೆಯಬೇಕಿತ್ತು.